ಪೆನ್ನು ಬರೆಯುತ್ತಿಲ್ಲವೇ? ಗಾಳಿಯ ದಾರಿ ಹುಡುಕಿ

ಮುರಿದ ಕುರ್ಚಿಯ ಕಾಲಿನಿಂದ ಮಾಡಿದ ನನ್ನ ಎರಡನೆಯ ಬಾಲ್ ಪೆನ್ನು ಹತ್ತು ಹನ್ನೆರಡು ಪುಟ ಚೆನ್ನಾಗಿಯೇ ಬರೆಯಿತು. ಆಮೇಲೆ ಅಕ್ಷರ ಮಸುಕಾಗತೊಡಗಿ ಒಂದೆರಡು ಸಾಲಿನಲ್ಲಿ ಪೂರ್ತಿ ನಿಂತಿತು. ರೀಫಿಲ್ ಕೆಟ್ಟಿದೆ ಎಂದುಕೊಂಡು ಹಿಂದಿನ ಬಿರಡೆಯನ್ನು ಒಡೆದು ತೆಗೆದೆ, ಹೊಸ ರೀಫಿಲ್ ಹಾಕಿದೆ, ಬಿರಡೆಗೆ ಮತ್ತೆ ಸೂಪರ್ ಗ್ಲೂ ಹಚ್ಚಿ ಮುಚ್ಚಿದೆ. ಅದೂ ಅಷ್ಟೇ ಪುಟ ಬರೆದು ಮಲಗಿತು. ಎರಡನೆಯ ಸಲ ಹೊರತೆಗೆದ ರೀಫಿಲ್ಲನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ಬಾಲದ, ಅಂದರೆ ಹಿಂತುದಿಯ, ತೂತಿನ ಮೇಲೆ ಹಾಲಿನ ಕೆನೆಯಂಥ ತೆಳುಪೊರೆ ಕಾಣಿಸಿತು. ಬಿರಡೆಯ ಅಂಟು ಒಳಗೆ ಹರಿದು ರೀಫಿಲ್ಲಿನ ಉಸಿರು ಕಟ್ಟಿತ್ತು. ಬ್ಲೇಡಿನಿಂದ ಬಾಲವನ್ನು 3 ಮಿ.ಮೀ. ಕತ್ತರಿಸಿದೆ. ಕಾಗದದ ಮೇಲೆ ನಾಲ್ಕು ಸುತ್ತು ಗೀಚುವಷ್ಟರಲ್ಲಿ ಮಸಿ ಬಂತು. ನಾನು ಎಸೆದಿದ್ದ ಮೊದಲ ರೀಫಿಲ್ಲಿಗೆ ಯಾವ ರೋಗವೂ ಇರಲಿಲ್ಲ.

ಕಿಟ್ ಕೊಂಡು ಪೆನ್ನು ಮಾಡುವವರಿಗೆ ಈ ತಾಪತ್ರಯ ಕಡಿಮೆ. ಹಿತ್ತಾಳೆಯ ಕೊಳವೆ, ತುದಿ, ಕ್ಲಿಪ್ಪು ಎಲ್ಲವೂ ಒಂದಕ್ಕೊಂದು ಹೊಂದುವಂತೆ ಬಂದಿರುತ್ತವೆ. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಬರಬಾರದು ಎಂಬುದನ್ನು ಬೇರೆ ಯಾರೋ ಮೊದಲೇ ಯೋಚಿಸಿರುತ್ತಾರೆ. ಮರದ ತುಂಡು, ಹಳೆಯ ನಿಬ್ಬು, ಕೈ ಡ್ರಿಲ್ಲು, ಒಂದು ಅರ ಮತ್ತು ಉಪ್ಪುಕಾಗದ ಇಟ್ಟುಕೊಂಡು ಕೂತ ನಮಗೆ ಆ ಯೋಚನೆಯೂ ನಮ್ಮದೇ ಹೊಣೆ. ನನ್ನ ಡಬ್ಬಿಯಲ್ಲಿ ಕೂಡಿಬಿದ್ದಿರುವ ಕೆಟ್ಟ ಪೆನ್ನುಗಳನ್ನು ಒಂದೊಂದಾಗಿ ನೋಡಿದರೆ, ಹೆಚ್ಚಿನವು ಸತ್ತದ್ದು ಗಾಳಿಯಿಂದ. ಬಾಲ್ ಪೆನ್ನಿನ ಒಡಲಿಗೆ ತೂತು ಬೇಕು, ಶಾಯಿ ಪೆನ್ನಿನ ಒಡಲಿಗೆ ತೂತು ಇರಲೇಬಾರದು. ಇದನ್ನು ಅದಲುಬದಲು ಮಾಡಿದವನು ನಾನು, ಆದ್ದರಿಂದ ಹೇಳುತ್ತಿದ್ದೇನೆ.

ಮುಂದೆ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಬೆರಳು ಹಿಡಿಯುವ ಮುಂಭಾಗವನ್ನು ಕತ್ತು ಎಂದೂ, ಅದರ ಹಿಂದಿನ ಉದ್ದನೆಯ ಭಾಗವನ್ನು ಒಡಲು ಎಂದೂ ಕರೆದಿದ್ದೇನೆ.

ಮೊದಲು ಬರಿಮೈ ಪರೀಕ್ಷೆ

ಅರ ಕೈಗೆತ್ತಿಕೊಳ್ಳುವ ಮೊದಲು ಪೆನ್ನನ್ನು ಬಿಚ್ಚಿ. ಬಾಲ್ ಪೆನ್ನಾದರೆ ರೀಫಿಲ್ಲನ್ನು ಹೊರತೆಗೆದು ಬರಿಗೈಯಲ್ಲಿ ಹಿಡಿದು ಬರೆಯಿರಿ. ಶಾಯಿ ಪೆನ್ನಾದರೆ ಒಡಲನ್ನು ತೆಗೆದಿಟ್ಟು, ನಿಬ್ಬು ಕೂತ ಕತ್ತನ್ನಷ್ಟೇ ಶಾಯಿಯಲ್ಲಿ ಅದ್ದಿ ಬರೆಯಿರಿ. ಹೀಗೆ ಬರೆದರೆ ತಪ್ಪು ನಿಮ್ಮ ಒಡಲಿನದು, ಬರೆಯದಿದ್ದರೆ ರೀಫಿಲ್ಲಿನದು ಅಥವಾ ನಿಬ್ಬಿನದು. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ, ಅರ್ಧದಷ್ಟು ಅನುಮಾನ ಕಳೆಯುತ್ತದೆ.

ಈ ಪರೀಕ್ಷೆಯೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ ಎಂಬುದಕ್ಕೆ ಮೇಲಿನ ಕಥೆಯೇ ಸಾಕ್ಷಿ. ಪೊರೆ ಕಟ್ಟಿದ ರೀಫಿಲ್ ಹೊರಗೂ ಬರೆಯುವುದಿಲ್ಲ. ಆದ್ದರಿಂದ ರೀಫಿಲ್ಲಿನ ತುದಿಯನ್ನು ನೋಡುವ ಮುಂಚೆ ಬಾಲವನ್ನು ನೋಡಿ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಿಬ್ಬು, ಶಾಯಿ, ಕಾಗದ ಮೂರನ್ನೂ ಒಟ್ಟಿಗೆ ಬದಲಿಸಿ ಪೆನ್ನು ಸರಿಹೋದರೆ, ಏನು ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಮುಂದಿನ ಪೆನ್ನಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಬಾಲ್ ಪೆನ್ನು ಬರೆಯುತ್ತಾ ಬರೆಯುತ್ತಾ ಸೊರಗುತ್ತದೆ

ಸಾದಾ ರೀಫಿಲ್ಲಿನ ಹಿಂಬದಿ ತೆರೆದಿರುವುದು ಸುಮ್ಮನೆ ಅಲ್ಲ. ತುದಿಯ ಗುಂಡು ಉರುಳಿ ಮಸಿ ಹೊರಗೆ ಹೋದಷ್ಟೂ ಹಿಂದಿನಿಂದ ಗಾಳಿ ತುಂಬಬೇಕು. ತುಂಬದಿದ್ದರೆ ಒಳಗೆ ಒತ್ತಡ ಇಳಿಯುತ್ತದೆ, ಗಟ್ಟಿಯಾದ ಆ ಎಣ್ಣೆಮಸಿ ಹಿಂದಕ್ಕೇ ಎಳೆದು ನಿಲ್ಲುತ್ತದೆ. 1950ರಲ್ಲಿ ಬಂದ ಬಿಕ್ ಕ್ರಿಸ್ಟಲ್ ಪೆನ್ನಿನ ಒಡಲಿನ ನಡುವೆ ಒಂದು ಸಣ್ಣ ತೂತಿರುವುದನ್ನು ನೋಡಿರುತ್ತೀರಿ. ಅದು ಈ ಗಾಳಿಗಾಗಿಯೇ ಇರುವುದು.

ಒಡಲೊಳಗೆ ರೀಫಿಲ್ಲಿನ ಸುತ್ತ ಧಾರಾಳ ಜಾಗವಿದ್ದರೆ ತೊಂದರೆ ನಿಧಾನವಾಗಿ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ರೀಫಿಲ್ ಬಿಗಿಯಾಗಿ ಕೂತು ಬಾಲವೇ ಮುಚ್ಚಿಹೋಗಿದ್ದರೆ ಬೇಗ ಬರುತ್ತದೆ. ಎರಡಕ್ಕೂ ಮದ್ದು ಒಂದೇ: ಒಡಲಿನ ಹಿಂಭಾಗದಲ್ಲಿ 1 ಮಿ.ಮೀ. ತೂತು. ಬಿರಡೆಗೆ ಸೂಪರ್ ಗ್ಲೂ ಬೇಡ, ಅದು ನೀರಿನಂತೆ ಹರಿಯುತ್ತದೆ. ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು, ಎಪಾಕ್ಸಿ, ಹಚ್ಚಿ. ಇಲ್ಲವೇ ಬಿರಡೆಯನ್ನು ಬಿಗಿಯಾಗಿ ಮಾಡಿ ಅಂಟಿಲ್ಲದೆ ಒತ್ತಿ ಕೂರಿಸಿ, ಮುಂದೆ ರೀಫಿಲ್ ಬದಲಿಸುವಾಗ ಒಡೆಯುವ ಪ್ರಮೇಯವೇ ಇರುವುದಿಲ್ಲ. ಒತ್ತಡ ತುಂಬಿದ ರೀಫಿಲ್ಲುಗಳ ಬಾಲ ಕಾರ್ಖಾನೆಯಲ್ಲೇ ಮುಚ್ಚಿರುತ್ತದೆ, ಅವನ್ನು ಕತ್ತರಿಸಬೇಡಿ. ಜೆಲ್ ರೀಫಿಲ್ಲಿನ ಬಾಲದ ಕಡೆ ಮಸಿಯ ಹಿಂದೆ ತಿಳಿಯಾದ ಜಿಡ್ಡಿನ ಒಂದು ತುಣುಕು ಇರುತ್ತದೆ. ಅದು ಮಸಿ ಹಿಂದಕ್ಕೆ ಸೋರದಂತೆ ತಡೆಯುವ ಕಾವಲು. ಬಾಯಿಟ್ಟು ಊದಿ ಅದನ್ನು ಕದಲಿಸಿದರೆ ರೀಫಿಲ್ ಹೋದಂತೆಯೇ.

ಹೊರಗೂ ಬರೆಯದ, ಬಾಲವೂ ಸರಿಯಿರುವ ರೀಫಿಲ್ಲಿನ ತುದಿಯನ್ನು ಒಂದೆರಡು ನಿಮಿಷ ಬೆಚ್ಚನೆಯ ನೀರಿನಲ್ಲಿಟ್ಟು, ಚಪ್ಪಲಿಯ ರಬ್ಬರಿನ ಮೇಲೆ ಗೀಚಿ ನೋಡಿ. ಬೆಂಕಿಕಡ್ಡಿಯ ಉರಿ ತೋರಿಸುವ ಹಳೆಯ ಚಾಳಿ ಬಿಡಿ. ತುದಿ ನೆಲಕ್ಕೆ ಬಡಿದು ಬಿದ್ದಿದ್ದರೆ ಗುಂಡಿನ ಗೂಡೇ ಜಜ್ಜಿರುತ್ತದೆ, ಅದಕ್ಕೆ ಮದ್ದಿಲ್ಲ.

ತುದಿ ಅಲ್ಲಾಡುತ್ತದೆ, ರೀಫಿಲ್ ಒಳಗೆ ಜಾರುತ್ತದೆ

ಜಾರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ಹಿಂದೆ ತಡೆ ಇಲ್ಲ. ಖಾಲಿ ರೀಫಿಲ್ಲಿನ ಒಂದು ತುಂಡನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಹಿಂದೆ ಇಡಿ. ಅದು ಕೊಳವೆಯಾದ್ದರಿಂದ ಗಾಳಿಯೂ ಆಡುತ್ತದೆ. ಬೆಂಕಿಕಡ್ಡಿಯ ತುಂಡನ್ನು ಬಾಲಕ್ಕೆ ತುರುಕಿದರೆ ಮೊದಲಿನ ರೋಗಕ್ಕೇ ಮರಳುತ್ತೀರಿ.

ಅಲ್ಲಾಡುವುದು ಕೊರೆಯುವಾಗ ಆದ ತಪ್ಪು. ಒಡಲನ್ನು ಒಂದೇ ಬಿಟ್‌ನಿಂದ ಈ ತುದಿಯಿಂದ ಆ ತುದಿಗೆ ಕೊರೆದರೆ ಮೂತಿಯಲ್ಲೂ ತೂತು ದೊಡ್ಡದಾಗಿರುತ್ತದೆ. ದೊಡ್ಡ ತೂತು ಹಿಂದಿನಿಂದ ಬಂದು ಮೂತಿಗೆ 4–5 ಮಿ.ಮೀ. ಇರುವಾಗಲೇ ನಿಲ್ಲಬೇಕು, ಉಳಿದಷ್ಟನ್ನು ರೀಫಿಲ್ಲಿನ ಲೋಹದ ತುದಿಯ ಅಳತೆಗೆ ಕೊರೆಯಬೇಕು. ಸಾದಾ ಪ್ಲಾಸ್ಟಿಕ್ ರೀಫಿಲ್ಲಿನ ಕೊಳವೆ ಸುಮಾರು 3 ಮಿ.ಮೀ. ದಪ್ಪ, ಪಾರ್ಕರ್ ಮಾದರಿಯ ಜಿ2 ರೀಫಿಲ್ ಸುಮಾರು 6 ಮಿ.ಮೀ., ಗಿಡ್ಡ ಡಿ1 ರೀಫಿಲ್ 67 ಮಿ.ಮೀ. ಉದ್ದ, 2.35 ಮಿ.ಮೀ. ದಪ್ಪ. ಈ ಅಂಕಿಗಳನ್ನು ನಂಬಿ ಕೊರೆಯಬೇಡಿ, ಕೈಯಲ್ಲಿರುವ ರೀಫಿಲ್ಲನ್ನು ಅಳೆದು, ಬೇಡದ ಮರದ ಚೂರಿನಲ್ಲಿ ಒಂದು ತೂತು ಕೊರೆದು ಹಾಕಿ ನೋಡಿ. ಈಗಾಗಲೇ ದೊಡ್ಡದಾಗಿದ್ದರೆ, ಎಸೆಯಬೇಕೆಂದಿರುವ ಯಾವುದಾದರೂ ಪೆನ್ನಿನ ಶಂಕುವಿನಂಥ ಮೂತಿಯನ್ನು ಕತ್ತರಿಸಿ ಎಪಾಕ್ಸಿಯಿಂದ ಕೂರಿಸಿ. ನೋಡುವುದಕ್ಕೂ ಚೆನ್ನ, ಯಾರೂ ಕೇಳುವುದಿಲ್ಲ.

ತೂತು ಒಂದು ಕಡೆಗೆ ವಾಲಿದೆ

ಉದ್ದನೆಯ ತೆಳು ಬಿಟ್ ಮರದ ಎಳೆಯನ್ನು ಹಿಂಬಾಲಿಸಿ ಬಾಗುತ್ತದೆ. ಹೊರಗಿನಿಂದ ನೀವೆಷ್ಟು ನೆಟ್ಟಗೆ ಹಿಡಿದರೂ ಒಳಗೆ ಅದರದೇ ದಾರಿ. ಪೆನ್ನಿನ ಹೊರಮೈಯನ್ನು ಮೊದಲು ನುಣುಪಾಗಿ ಮಾಡಿ ಆಮೇಲೆ ಕೊರೆಯುವುದು ಎಲ್ಲರೂ ಒಂದು ಸಲ ಮಾಡುವ ತಪ್ಪು. ದಪ್ಪನೆಯ ಚೌಕ ತುಂಡಿನಲ್ಲಿ ಮೊದಲು ತೂತು ಕೊರೆಯಿರಿ. ಆ ತೂತಿಗೆ ಬಿಗಿಯಾದ ಕಬ್ಬಿಣದ ಕಡ್ಡಿ ತೂರಿಸಿ, ಕಡ್ಡಿಯನ್ನು ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸುತ್ತಾ ಅರದಿಂದಲೂ ಉಪ್ಪುಕಾಗದದಿಂದಲೂ ಹೊರಮೈ ಇಳಿಸಿ. ಕಡ್ಡಿಯ ಹೊರತುದಿಗೆ ಮರದ ತುಂಡಿನಲ್ಲಿ ಒಂದು ಆಸರೆ ಬೇಕು, ಇಲ್ಲದಿದ್ದರೆ ಕುಣಿಯುತ್ತದೆ. ತೂತು ಎಲ್ಲಿದೆಯೋ ಅದೇ ಆಗ ನಡುವಾಗುತ್ತದೆ. ಲೇತ್ ಇಲ್ಲದವರ ಲೇತ್ ಇದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಮರೆಯಬೇಡಿ.

ತೂತು ಕೊರೆಯುವುದೇ ಬೇಡವೆನ್ನುವವರು ಪೆನ್ಸಿಲ್ ಮಾಡುವವರ ದಾರಿ ಹಿಡಿಯಬಹುದು: ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಎರಡರಲ್ಲೂ ಅರ್ಧರ್ಧ ತೋಡು ಕೊರೆದು, ಅಂಟಿಸಿ. ನನಗೆ ಇದೇ ಹೆಚ್ಚು ಇಷ್ಟ. ಹೊಲಿಗೆಯ ಗೆರೆ ಕಾಣುತ್ತದೆಂದು ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ.

ಶಾಯಿ ಪೆನ್ನು ಒಣಗಿ ಒಣಗಿ ಬರೆಯುತ್ತದೆ

ನಿಬ್ಬಿನ ಕೆಳಗಿರುವ ಗೀರುಗಳ ತುಂಡನ್ನು ಫೀಡ್ ಎನ್ನುತ್ತೇವೆ. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥದ್ದಕ್ಕೇ. ತೆಳು ಸೀಳಿನಲ್ಲಿ ಶಾಯಿ ಕೆಳಗಿಳಿಯುತ್ತದೆ, ಹೋದಷ್ಟಕ್ಕೆ ಬದಲು ಗಾಳಿ ಮೇಲೇರುತ್ತದೆ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ನಾನು ಹುಡುಕುವ ಕ್ರಮ ಇದು. ಮೊದಲು ಕೊಳೆ: ಹೊಸ ಫೀಡ್‌ನಲ್ಲಿ ಎಣ್ಣೆಯ ಪಸೆ ಇರುತ್ತದೆ, ನಾವು ಕೊರೆದ ಕತ್ತಿನಲ್ಲಿ ಪುಡಿ, ಮೆರುಗು ಕೊಡುವ ಲೇಪದ ಚೂರು ಇರುತ್ತವೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಒಂದು ಲೋಟ ನೀರಿಗೆ ಹಾಕಿ ನೆನೆಸಿಟ್ಟು, ಚೆನ್ನಾಗಿ ತೊಳೆಯಿರಿ. ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ನಿಬ್ಬನ್ನು ಬೆಳಕಿಗೆ ಹಿಡಿದು ಸೀಳನ್ನು ನೋಡಿ. ನಿಬ್ಬಿನ ನಡುವಿನ ಉಸಿರುತೂತಿನಿಂದ ಹೊರಟ ಬೆಳಕಿನ ಗೆರೆ ತುದಿಯತ್ತ ಸಣ್ಣದಾಗುತ್ತಾ ಹೋಗಿ ತುದಿಯಲ್ಲಿ ಮುಚ್ಚಬೇಕು. ಬೆಳಕೇ ಕಾಣದಿದ್ದರೆ ಸೀಳಿನ ಎರಡು ಬದಿಯ ಹಲ್ಲುಗಳು ಬಿಗಿಯಾಗಿವೆ. ಬಹಳ ಮಟ್ಟಿಗೆ ಅದು ನಿಬ್ಬಿನ ತಪ್ಪಲ್ಲ, ನಮ್ಮ ಕತ್ತಿನ ತೂತು ಚಿಕ್ಕದಾಗಿ ನಿಬ್ಬನ್ನು ಎರಡೂ ಕಡೆಯಿಂದ ಹಿಂಡುತ್ತಿರುತ್ತದೆ. ಹೊರತೆಗೆದು ನೋಡಿ, ಹೊರಗೆ ಸೀಳು ತೆರೆದುಕೊಂಡರೆ ಅರೆಯಬೇಕಾದ್ದು ತೂತನ್ನು. ಕಡ್ಡಿಗೆ ಉಪ್ಪುಕಾಗದ ಸುತ್ತಿ ಕೂದಲೆಳೆಯಷ್ಟು ಅರೆಯಿರಿ, ಹಾಕಿ ನೋಡಿ, ಮತ್ತೆ ಅರೆಯಿರಿ. ಹಲ್ಲುಗಳಲ್ಲಿ ಒಂದು ಮೇಲೆ ಒಂದು ಕೆಳಗೆ ಇದ್ದರೆ ಕಾಗದವನ್ನು ಕೆರೆಯುತ್ತದೆ. ಮೇಲಿರುವುದನ್ನು ಉಗುರಿನಿಂದ ಮೆಲ್ಲಗೆ ಒತ್ತಿ. ಸೀಳನ್ನು ಬ್ಲೇಡಿನಿಂದ ಅಗಲಿಸಬೇಡಿ, ಅಗಲವಾದದ್ದು ಮತ್ತೆ ಕಿರಿದಾಗುವುದಿಲ್ಲ.

ಮೂರನೆಯದು ನಿಬ್ಬಿಗೂ ಫೀಡಿಗೂ ನಡುವಿನ ಅಂತರ. ಪಕ್ಕದಿಂದ ನೋಡಿದಾಗ ಅವೆರಡರ ನಡುವೆ ಬೆಳಕು ಕಂಡರೆ ಶಾಯಿಯ ದಾರಿ ಅಲ್ಲಿ ತುಂಡಾಗಿದೆ. ಎಬೊನೈಟ್ ಫೀಡ್ ಆದರೆ ಸುಲಭ. ಅದು ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು, ಬಿಸಿಗೆ ಮೆತ್ತಗಾಗುತ್ತದೆ. ನಿಬ್ಬಿನ ಸಮೇತ ಕುದಿಯಲಿರುವ ನೀರಿನಲ್ಲಿ 15–20 ಸೆಕೆಂಡು ಅದ್ದಿ, ಹೆಬ್ಬೆರಳಿನಿಂದ ಫೀಡನ್ನು ನಿಬ್ಬಿಗೆ ಒತ್ತಿಹಿಡಿದು, ಆರುವವರೆಗೂ ಬಿಡದಿರಿ. ಕೈ ಸುಡುತ್ತದೆ, ಬಟ್ಟೆ ಇರಲಿ. ಪ್ಲಾಸ್ಟಿಕ್ ಫೀಡಿನ ಮೇಲೆ ಈ ಮದ್ದನ್ನು ನೆಚ್ಚಿಕೊಳ್ಳಲಾಗದು, ಅಲ್ಲಿ ಫೀಡನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡುವುದೇ ದಾರಿ.

ಫೌಂಟನ್ ಪೆನ್ನಿಗೆಂದೇ ಮಾಡಿದ ಶಾಯಿಯನ್ನಷ್ಟೇ ಹಾಕಿ. ಚಿತ್ರ ಬರೆಯುವ ಇಂಡಿಯನ್ ಇಂಕಿನಲ್ಲಿ ಅರಗಿನಂಥ ಅಂಟು ಇರುತ್ತದೆ, ಫೀಡಿನೊಳಗೆ ಒಣಗಿದರೆ ಪೆನ್ನು ತೀರಿತು.

ಶಾಯಿ ಹನಿ ಹನಿಯಾಗಿ ಬೀಳುತ್ತದೆ

ಕಿಟ್ ಇಲ್ಲದೆ ಮಾಡಿದ ಶಾಯಿ ಪೆನ್ನಿನ ದೊಡ್ಡ ಖಾಯಿಲೆ ಇದು. ಕಾರಣಗಳು ಮೂರು, ಮೂರರ ಲಕ್ಷಣವೂ ಬೇರೆ ಬೇರೆ.

ತುಂಬಿದ ಕೂಡಲೇ ತೊಟ್ಟಿಕ್ಕುತ್ತಿದ್ದರೆ ಒಡಲಿಗೆ ಎಲ್ಲೋ ಹೊರಗಿನಿಂದ ಗಾಳಿ ನುಗ್ಗುತ್ತಿದೆ. ನೀರು ತುಂಬಿದ ಲೋಟವನ್ನು ಕಾಗದದಿಂದ ಮುಚ್ಚಿ ತಲೆಕೆಳಗು ಮಾಡಿದರೂ ನೀರು ನಿಲ್ಲುತ್ತದಲ್ಲ, ಹಾಗೆ ಒಡಲಿನ ಶಾಯಿಯನ್ನು ಹಿಡಿದಿಟ್ಟಿರುವುದು ಹೊರಗಿನ ಗಾಳಿಯ ಒತ್ತಡ ಮತ್ತು ಫೀಡಿನ ತೆಳು ಸೀಳು. ಹಿಂದೆ ಒಂದು ಸೂಜಿಮೊನೆಯ ತೂತಿದ್ದರೂ ಶಾಯಿ ನಿಲ್ಲದು. ಪರೀಕ್ಷೆ ಸೈಕಲ್ ಟ್ಯೂಬಿನದೇ: ಖಾಲಿ ಒಡಲಿಗೆ ಕತ್ತನ್ನು ತಿರುಗಿಸಿ ಬಿಗಿಮಾಡಿ, ನಿಬ್ಬಿನ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿ, ಇಡೀ ಪೆನ್ನನ್ನು ಬಿಸಿನೀರಿನ ಬಟ್ಟಲಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ, ಸೋರುವ ಕಡೆಯಿಂದ ಗುಳ್ಳೆ ಏಳುತ್ತದೆ. ನನ್ನ ಒಂದು ಪೆನ್ನಿನಲ್ಲಿ ಗುಳ್ಳೆ ಎದ್ದದ್ದು ಕತ್ತನ್ನು ತಿರುಗಿಸಿ ಕೂರಿಸುವ ಥ್ರೆಡ್ಡಿನಿಂದಲ್ಲ, ಬಾಲದ ಮರದ ಅಡ್ಡಸೀಳಿನ ರಂಧ್ರಗಳಿಂದ, ಸೂಜಿತಲೆಯಷ್ಟು ಸಣ್ಣ ಗುಳ್ಳೆಗಳ ಸಾಲು. ಮರ ಎಷ್ಟು ನುಣುಪಾಗಿದ್ದರೂ ಉದ್ದಕ್ಕೆ ಅದು ಕೊಳವೆಗಳ ಕಟ್ಟು ಎಂಬುದು ನನಗೆ ಆವತ್ತು ಹೊಳೆಯಿತು. ಅಂದಿನಿಂದ ಮರದ ಒಡಲಿಗೆ ನೇರವಾಗಿ ಶಾಯಿ ತುಂಬುವುದನ್ನು ಬಿಟ್ಟಿದ್ದೇನೆ, ಒಳಗೆ ಶಾಯಿ ತುಂಬಿದ ಪ್ಲಾಸ್ಟಿಕ್ ಕೊಳವೆ, ಅಂದರೆ ಕಾರ್ಟ್ರಿಜ್, ಇಡುತ್ತೇನೆ. ಎಬೊನೈಟ್, ಅಕ್ರಿಲಿಕ್ ಒಡಲಾದರೆ ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದರೆ ಸಾಕು.

ಶಾಯಿ ಮುಗಿಯುತ್ತಾ ಬಂದಾಗ ಮಾತ್ರ ಹನಿ ಬೀಳುತ್ತಿದ್ದರೆ ಅದು ಸೋರಿಕೆಯಲ್ಲ, ಕೈಯ ಕಾವು. ಲೆಕ್ಕ ಹಾಕಿ ನೋಡಿ: ಒಡಲಲ್ಲಿ 2 ಮಿ.ಲೀ. ಗಾಳಿ ಇದೆ, ಅದು 25 ಡಿಗ್ರಿಯಿಂದ 35 ಡಿಗ್ರಿಗೆ ಕಾದರೆ ಸುಮಾರು ಶೇಕಡಾ 3ರಷ್ಟು ಹಿಗ್ಗುತ್ತದೆ, ಅಂದರೆ 0.06 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು. ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ. ಅಷ್ಟನ್ನೂ ಫೀಡ್ ಹಿಡಿದಿಡದಿದ್ದರೆ ಕಾಗದದ ಮೇಲೆ ಬೀಳುತ್ತದೆ. ಗಾಳಿ ಅರ್ಧ ಮಿ.ಲೀ. ಮಾತ್ರ ಇದ್ದಾಗ ಹಿಗ್ಗುವುದು ಹನಿಯ ಮೂರರಲ್ಲೊಂದು ಪಾಲು, ಫೀಡಿನ ಗೀರುಗಳು ನುಂಗಿಕೊಳ್ಳುತ್ತವೆ. ಆದ್ದರಿಂದ ಅರ್ಧ ಖಾಲಿಯಾಗುವ ಮುಂಚೆಯೇ ತುಂಬಿಕೊಳ್ಳಿ, ಮುಂದಿನ ಪೆನ್ನಿನ ಗೋಡೆ ದಪ್ಪ ಬಿಡಿ. 0.8 ಮಿ.ಲೀ. ಹಿಡಿಯುವ ಗಿಡ್ಡ ಕಾರ್ಟ್ರಿಜ್ ಹಾಕಿದರೆ ಈ ರೋಗ ಬರುವುದೇ ಅಪರೂಪ.

ಮೂರನೆಯದು ಫೀಡಿನ ಸುತ್ತಲೇ ಶಾಯಿ ಜಿನುಗಿ ಬೆರಳಿಗೆ ಮೆತ್ತುವುದು. ಕತ್ತಿನ ತೂತು ದೊಡ್ಡದಾಗಿದೆ. ಟೇಪು ಸುತ್ತಬೇಡಿ, ಶಾಯಿಯಲ್ಲಿ ಅದರ ಅಂಟು ಕರಗಿ ಫೀಡಿಗೆ ಇಳಿಯುತ್ತದೆ. ತೂತಿನ ಒಳಗೋಡೆಗೆ ಎಪಾಕ್ಸಿ ಬಳಿದು, ಪೂರ್ತಿ ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಮರದ ಕತ್ತಾದರೆ ಇದನ್ನು ಮೊದಲೇ ಮಾಡಿರಬೇಕಿತ್ತು. ಬರಿಯ ಮರ ಶಾಯಿ ಕುಡಿದು ಉಬ್ಬಿ ಬಿರಿಯುತ್ತದೆ.

ಥ್ರೆಡ್ ಉದುರುತ್ತದೆ, ಮುಚ್ಚಳ ಕಚ್ಚುವುದಿಲ್ಲ

ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ ಟ್ಯಾಪ್. ಅದಕ್ಕೆ ಮೊದಲು ಕೊರೆಯುವ ತೂತಿನ ಲೆಕ್ಕ ಸರಳ: ಟ್ಯಾಪಿನ ಅಳತೆಯಿಂದ ಪಿಚ್ (ಥ್ರೆಡ್ಡಿನ ಎರಡು ಎಳೆಗಳ ನಡುವಿನ ಅಂತರ) ಕಳೆಯಿರಿ. ಎಂ10×1 (10 ಮಿ.ಮೀ. ಅಳತೆ, 1 ಮಿ.ಮೀ. ಪಿಚ್) ಟ್ಯಾಪಿಗೆ 9 ಮಿ.ಮೀ., ಎಂ12×1 ಟ್ಯಾಪಿಗೆ 11 ಮಿ.ಮೀ. ಮರದಲ್ಲಿ ಥ್ರೆಡ್ ಪುಡಿಯಾಗುತ್ತಿದ್ದರೆ ತೆಳು ಸೂಪರ್ ಗ್ಲೂ ಕುಡಿಸಿ, ಒಣಗಿಸಿ, ಟ್ಯಾಪನ್ನು ಇನ್ನೊಮ್ಮೆ ಇಳಿಸಿ. ಅಕ್ರಿಲಿಕ್ ಆದರೆ ಸೋಪುನೀರು ಹಾಕುತ್ತಾ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕಾವೇರಿದರೆ ಬಿರುಕು. ಬಿರುಕು ಬಿಟ್ಟ ಅಕ್ರಿಲಿಕ್ಕನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅದು ಜೇಡರ ಬಲೆಯಂತೆ ಹರಡುತ್ತದೆ. ದುಬಾರಿ ಟ್ಯಾಪ್ ಕೊಳ್ಳುವ ಬದಲು ಕತ್ತಿನ ಮೇಲೆ ಸಣ್ಣ ತೋಡು ಮಾಡಿ ರಬ್ಬರಿನ ಓ-ರಿಂಗ್ ಹಾಕಿದರೂ ಮುಚ್ಚಳ ಚೆನ್ನಾಗಿ ಕಚ್ಚುತ್ತದೆ.

ರಾತ್ರಿ ಮುಚ್ಚಿಟ್ಟ ಪೆನ್ನು ಬೆಳಿಗ್ಗೆ ಬರೆಯುವುದಿಲ್ಲ

ಮುಚ್ಚಳವನ್ನು ಬಾಯಿಗಿಟ್ಟು ಗಾಳಿ ಹೀರಿ. ಅದು ನಾಲಿಗೆಗೆ ಕಚ್ಚಿಕೊಂಡು ಹತ್ತು ಸೆಕೆಂಡು ನೇತಾಡಿದರೆ ಸರಿ, ಬಿದ್ದರೆ ಸೋರುತ್ತಿದೆ. ಕ್ಲಿಪ್ಪಿನ ಬುಡ, ಮರದ ತಲೆ, ಈ ಎರಡನ್ನೇ ಮೊದಲು ಅನುಮಾನಿಸಿ. ಸೋರದಿದ್ದರೂ ಒಳಗೆ ಜಾಗ ಅತಿಯಾಗಿದ್ದರೆ ನಿಬ್ಬಿನ ತೇವ ಆ ಗಾಳಿಯನ್ನು ತಣಿಸುವುದರಲ್ಲೇ ಮುಗಿಯುತ್ತದೆ. ಹಳೆಯ ಪೆನ್ನಿನ ಮುಚ್ಚಳವೊಂದನ್ನು ಗಿಡ್ಡವಾಗಿ ಕತ್ತರಿಸಿ ಒಳಮುಚ್ಚಳವಾಗಿ ಅಂಟಿಸಿ, ಅದರ ಬಾಯಿ ಕತ್ತಿನ ಅಂಚಿಗೆ ಸರಿಯಾಗಿ ತಾಗಬೇಕು.

ಇದನ್ನೆಲ್ಲ ಚೊಕ್ಕವಾಗಿ ಮಾಡಿದ ಮೇಲೆ ಹೊಸ ಕಾಟ ಶುರುವಾಗಬಹುದು. ಓ-ರಿಂಗ್ ಇರುವ ಮುಚ್ಚಳವನ್ನು ಎಳೆದಾಗ 'ಟಪ್' ಎಂದು ಸದ್ದಾಗಿ, ಕತ್ತಿನ ತುಂಬ ಶಾಯಿ ಇದ್ದರೆ, ಮುಚ್ಚಳವೇ ಸಿರಿಂಜಿನಂತೆ ಶಾಯಿಯನ್ನು ಹೀರುತ್ತಿದೆ. ಇಲ್ಲಿ ಒಂದು ತೂತು ಬೇಕು, ಆದರೆ ಜಾಗ ನೋಡಿ: ಒಳಮುಚ್ಚಳದ ಬಾಯಿಗೂ ಓ-ರಿಂಗ್ ಕೂರುವ ಜಾಗಕ್ಕೂ ನಡುವೆ, ಹೊರಗೋಡೆಯಲ್ಲಿ, 1 ಮಿ.ಮೀ. ಮುಚ್ಚಿದಾಗ ನಿಬ್ಬು ಒಳಮುಚ್ಚಳದೊಳಗೆ ಭದ್ರವಾಗಿರುತ್ತದೆ. ಎಳೆದ ಮೊದಲ ಮಿಲಿಮೀಟರಿನಲ್ಲೇ ಆ ಮುದ್ರೆ ಬಿಡುತ್ತದೆ, ತೂತಿನಿಂದ ಗಾಳಿ ಬರುತ್ತದೆ, ಶಾಯಿ ಇದ್ದಲ್ಲೇ ಇರುತ್ತದೆ. ಕೊರೆಯುವಾಗ ಒಳಮುಚ್ಚಳದವರೆಗೆ ಬಿಟ್ ಹೋಗದಂತೆ ಅದರ ಮೇಲೆ ಟೇಪಿನ ಗುರುತು ಸುತ್ತಿಕೊಳ್ಳಿ.